ಅಕ್ಕನ ತುಟಿ

೧೨ ಜನವರಿ ೨೦೨೫, ರವಿವಾರ

ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಘಾಟು ಏರಿ ಸೀನು ನಿಲ್ಲಲೇ ಇಲ್ಲ. ಸೆರಗನ್ನು ಮೂಗು, ಬಾಯಿ ಮುಚ್ಚುವ ಹಾಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡೆ. ಅಷ್ಟರಲ್ಲಿ ಭಾವ ಅಂಗಡಿಯಿಂದ ಊಟಕ್ಕೆ ಬಂದರು. ಮದುವೆಯಾಗಿ ಅರ್ಧ ವರ್ಷದ ಮೇಲಾಯಿತು, ಬರೆಯಲು ಕೂತರೆ ಇನ್ನೂ ಭಾವ ಎಂದೇ ಬರುತ್ತದೆ. ಬಾಯಿಂದಂತೂ ಏನೂ ಕರೆಯುವುದಿಲ್ಲ. ಚಪ್ಪಲಿ ಕಳಚಿ ತಲೆ ಎತ್ತಿದವರು ನನ್ನನ್ನು ನೋಡಿ, ತೀರ ಸಹಜವಾಗಿ, "ಶೈಲಾ, ಒಂದೀಟ ನೀರ ಕೊಡು" ಅಂದರು.

ಎದ್ದು ಗಂಟು ಬಿಚ್ಚಿದೆ. ಸೆರಗು ಇಳಿಯಿತು. ಅವರ ಮುಖವೂ ಇಳಿಯಿತು. ನಾನು ನೀರು ತರುವಷ್ಟರಲ್ಲಿ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿದ್ದರು. ಬಡಿಸಿದ ಊಟ ಹಾಗೇ ಉಳಿಯಿತು.

ಅಕ್ಕ ಶೈಲಶ್ರೀ ಹೋದದ್ದು ನನ್ನ ಮದುವೆಯ ಹಿಂದಿನ ವರ್ಷದ ಶ್ರಾವಣದಲ್ಲಿ, ಡೆಂಗಿ ಜ್ವರ ಬಂದು. ಅವಳ ಮಗಳು ಚಿನ್ನುಗೆ ಆಗ ಇನ್ನೂ ಮಾತು ಪೂರ್ತಿ ಬಂದಿರಲಿಲ್ಲ. ಕೂಸಿಗೆ ಹೊರಗಿನವಳು ಬೇಡ, ಚಿಗವ್ವನೇ ತಾಯಿಯಾಗಲಿ ಎಂದು ಹಿರಿಯರು ಮಾತಾಡಿ ನನ್ನನ್ನು ನರೇಗಲ್ಲಿನಿಂದ ಈ ಗಜೇಂದ್ರಗಡದ ಮನೆಗೆ ತಂದರು. ನಾನೂ ಒಲ್ಲೆ ಅನ್ನಲಿಲ್ಲ. ಬಂದಾಗಿನಿಂದ ಈ ಮನೆಯಲ್ಲಿ ಅಕ್ಕನ ಹೆಸರು ಯಾರೂ ಎತ್ತಿದ್ದಿಲ್ಲ. ಇವತ್ತೇ ಮೊದಲು.

ಅವರು ಹೋದ ಮೇಲೆ ಕನ್ನಡಿಯ ಮುಂದೆ ಮತ್ತೆ ಸೆರಗು ಕಟ್ಟಿ ನೋಡಿಕೊಂಡೆ. ಹುಬ್ಬು ಅಕ್ಕನದು, ಕಣ್ಣು ಅಕ್ಕನವು. ಬಿಚ್ಚಿದರೆ ನಾನು, ಅನ್ನಪೂರ್ಣಾ. ಸಣ್ಣವರಿದ್ದಾಗ ನೆರೆಯವರು, "ಹಿರೇಕಿದು ಬಾಯಿ ತುಂಬ ನಗು, ಸಣ್ಣಾಕಿಗೆ ಬಾಯಿನ ಇಲ್ಲ" ಎನ್ನುತ್ತಿದ್ದರು. ಹೌದು, ತುಟಿ ಅಂತ ಹೇಳಿಕೊಳ್ಳಲು ನನಗೆ ಇರುವುದು ಒಂದು ಗೆರೆ.

೧೩ ಜನವರಿ, ಸೋಮವಾರ

ಭೋಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದೆ. ಅತ್ತೆ ಸಿದ್ದವ್ವ ಎಣ್ಣೆಗಾಯಿ ಮಾಡಿದ್ದರು. ಬದನೆಕಾಯಿ ಕಂಡರೆ ನನಗೆ ಕೈ ತಡೆಯುವುದಿಲ್ಲ, ಮೂರು ಸಲ ಹಾಕಿಸಿಕೊಂಡೆ. ಅತ್ತೆ ನಕ್ಕು, ಆಕೆ ಮುಟ್ಟುತ್ತಿರಲಿಲ್ಲ, ಗಂಟಲು ಕೆರೆಯುತ್ತದೆ ಅನ್ನುತ್ತಿದ್ದಳು, ಎಂದು ಅರ್ಧಕ್ಕೇ ಮಾತು ನಿಲ್ಲಿಸಿದರು. ‘ಆಕೆ’ ಎಂದರೆ ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಚಿನ್ನು ತೊಡೆಯ ಮೇಲೆ ಕೂತು ನನ್ನ ಬಾಯಿಗೆ ಬೆರಳಿಟ್ಟು, ಚಿಗವ್ವನದು ಇಲಿಮರಿ ಬಾಯಿ ಎಂದು ತನ್ನಷ್ಟಕ್ಕೇ ಹಾಡು ಕಟ್ಟಿಕೊಂಡು ಹಾಡಿದಳು. ಎಲ್ಲರೂ ನಕ್ಕರು. ಭಾವ ಮಾತ್ರ ತಾಟಿನಿಂದ ಕಣ್ಣೆತ್ತಲಿಲ್ಲ. ನನ್ನ ಮುಖವನ್ನು ಅವರು ನೋಡುವುದೇ ಇಲ್ಲ. ನಿನ್ನೆ ಒಂದು ಗಳಿಗೆ ನೋಡಿದರಲ್ಲ, ಹಾಗೆ ಯಾರೂ ನನ್ನನ್ನು ಎಂದೂ ನೋಡಿಲ್ಲ.

೨೯ ಜನವರಿ, ಬುಧವಾರ

ನರಗುಂದದಲ್ಲಿ ಚರ್ಮದ ಡಾಕ್ಟರೊಬ್ಬರು ರವಿವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬರುತ್ತಾರಂತೆ. ತುಟಿ ತುಂಬಿಸುವುದನ್ನೂ ಮಾಡುತ್ತಾರೆ. ಫೋನಿನಲ್ಲಿ ನೋಡಿದ್ದು. ಎಷ್ಟೊಂದು ಬಾಯಿಗಳು, ಮೊದಲು ಹೀಗೆ, ಆಮೇಲೆ ಹೀಗೆ. ಒಂದಕ್ಕೂ ಮುಖವಿಲ್ಲ.

ಅತ್ತೆಗೆ ಹಲ್ಲು ನೋವು ಎಂದಿದ್ದೇನೆ.

೨ ಫೆಬ್ರವರಿ, ರವಿವಾರ

ಬೆಳಿಗ್ಗೆ ಬಸ್ಸು ಹತ್ತಿದೆ. ರೋಣದಲ್ಲಿ ಇಳಿದು ಇನ್ನೊಂದು ಬಸ್ಸು. ಡಾಕ್ಟರ್ ಇಷ್ರತ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಮೂಲ ರೋಣದವರೇ, ನಮ್ಮ ಮಾತೇ ಆಡುತ್ತಾರೆ. ಹೇಗೆ ಬೇಕು ಎಂದು ಕೇಳಿದರು. ಇಂಥದ್ದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅವರೇ ಹೇಳುತ್ತ ಹೋದರು. ಮದುವೆ ಗೊತ್ತಾದವರಿಗೆ ಫೋಟೋದಲ್ಲಿ ತುಂಬಿ ಕಾಣಬೇಕು. ವಯಸ್ಸಾದವರಿಗೆ ತುಟಿಯ ಮೇಲಿನ ಸಣ್ಣ ಗೆರೆಗಳು ಹೋದರೆ ಸಾಕು. ಬಹಳ ಜನಕ್ಕೆ ಆಗಬೇಕು, ಆದರೆ ಆಗಿದ್ದು ಯಾರಿಗೂ ತಿಳಿಯಬಾರದು. ಹೊಟ್ಟೆಯ ಕೊಬ್ಬು ತೆಗೆದು ತುಂಬುವುದುಂಟು, ಕಾಯಂ ಉಳಿಯುವ ತುಂಡು ಇಡುವುದೂ ಉಂಟು. ತಾವು ಮಾತ್ರ ಒಂದು ಬಗೆಯ ಜೆಲ್ ಹಾಕುತ್ತಾರೆ, ಅದು ವರ್ಷದ ಸುಮಾರಿಗೆ ತಾನೇ ಕರಗಿ ಹೋಗುತ್ತದೆ.

ನಾನು ಫೋನು ತೆಗೆದು ತೋರಿಸಿದೆ. ಅಕ್ಕನ ಫೋಟೋ, ಬಾಯಿ ಅಷ್ಟೇ ಕಾಣುವ ಹಾಗೆ ಕತ್ತರಿಸಿದ್ದು.

ಇವು ಯಾರ ತುಟಿ ಎಂದು ಕೇಳಿದರು. ನನ್ನವೇ, ಹೆರಿಗೆಗೆ ಮೊದಲಿನವು, ಆಮೇಲೆ ಮುಖ ಸೊರಗಿತು, ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಹೆತ್ತವಳೂ ಅಲ್ಲ ನಾನು.

"ಖರೇ ಹೇಳ್ರಿ, ಮತ್ಯಾರರ ಮಾಡಿಸ್ಕೋ ಅಂದಾರೇನು?"

"ಇಲ್ರಿ. ನಾನ ಬಂದೀನಿ."

ಅದಂತೂ ಸುಳ್ಳಲ್ಲ. ಮುಲಾಮು ಹಚ್ಚಿ ಜೋಮು ಹಿಡಿಯುವವರೆಗೆ ಕೂರಿಸಿದರು. ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಕೆಳತುಟಿ ಮೇಲಿನದಕ್ಕಿಂತ ಒಂದೂವರೆ ಪಟ್ಟು ಇದ್ದರೆ ಕಣ್ಣಿಗೆ ಒಪ್ಪುತ್ತದಂತೆ. ಅಕ್ಕನದು ಹಾಗಿರಲಿಲ್ಲ, ಎರಡೂ ಸಮ. ಹಾಗೇ ಬೇಕೆಂದೆ. ಅಂಚಿನ ಗೆರೆಗೆ ಸೂಜಿ, ಒಳಗೆ ತುಂಬಲು ಮೊಂಡು ತುದಿಯ ಸಣ್ಣ ಕೊಳವೆ. ನೋವಿಲ್ಲ, ಒಳಗೊಳಗೇ ಏನೋ ಸರಿದು ಜಾಗ ಮಾಡಿಕೊಂಡಂತೆ ಅನ್ನಿಸಿತು. ಕನ್ನಡಿ ಕೊಟ್ಟರು. ಕೆಂಪಾಗಿ ಊದಿದ ಆ ಬಾಯಿಯ ಹಿಂದೆ ಅಕ್ಕ ನಿಂತು ಇನ್ನೂ ಹೊರಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು.

೪ ಫೆಬ್ರವರಿ, ಮಂಗಳವಾರ

ಬಾವು ಇದೆ. ಹಲ್ಲಿನದೇ ಎಂದು ಎಲ್ಲರೂ ನಂಬಿದ್ದಾರೆ. ಪ, ಬ, ಮ ಅನ್ನುವಾಗ ತುಟಿಗೆ ತುಟಿ ನನ್ನ ಎಣಿಕೆಗಿಂತ ಮೊದಲೇ ತಾಗುತ್ತದೆ. ಚಿನ್ನುವನ್ನು ಸ್ನಾನಕ್ಕೆ ‘ಬಾ’ ಎಂದು ಕರೆದೆ. ಬಚ್ಚಲಲ್ಲಿ ಬೇರೆ ಯಾರೋ ಕರೆದ ಹಾಗೆ ಕೇಳಿತು. ಚಿನ್ನು ಕೂಡ ಹಿಂದೆ ತಿರುಗಿ ನೋಡಿದಳು.

೧೦ ಫೆಬ್ರವರಿ, ಸೋಮವಾರ

ಬಾವು ಪೂರ್ತಿ ಇಳಿದಿದೆ. ಇವತ್ತು ನಾನು ರೊಟ್ಟಿ ಬಡಿಸಲು ಬಗ್ಗಿದಾಗ ಭಾವ ತಲೆ ಎತ್ತಿದರು. ಮತ್ತೆ ಇಳಿಸಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. ಏನೂ ಕೇಳಲಿಲ್ಲ. ಹಲ್ಲಿನ ಬಗ್ಗೆಯೂ ಇಲ್ಲ, ತುಟಿಯ ಬಗ್ಗೆಯೂ ಇಲ್ಲ. ಊಟ ಮುಗಿಸಿ ಕೈ ತೊಳೆದವರು ಅಂಗಡಿಗೆ ಹೋಗದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಈ ಸಲದ ಮೆಣಸಿನಕಾಯಿ ದರ, ಬ್ಯಾಡಗಿ ಪೇಟೆ, ಯಾರೋ ಹಮಾಲನ ಮಗಳ ಮದುವೆ, ಹೀಗೆ ಏನೇನೋ ಹೇಳಿದರು. ಅವರು ಇಷ್ಟು ಮಾತಾಡುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಮಾತ್ರ ನನ್ನ ಮುಖ ನೋಡಿ ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಟ್ರಂಕಿನಲ್ಲಿದ್ದ ಗಿಣಿ ಹಸಿರಿನ ಇಳಕಲ್ ಸೀರೆ ಉಟ್ಟೆ. ಅವರೇ ತೆಗೆದುಕೊಟ್ಟರು. ಹೊರಡುವಾಗ ಹಿತ್ತಲಿನಿಂದ "ಶೈಲಾ, ಆತೇನು" ಎಂದು ಕೂಗಿದರು. "ಆತ್ರಿ, ಬಂದೆ" ಎಂದೆ. ಅತ್ತೆಯ ಕೈಯಲ್ಲಿ ಜಪದ ಸರ ನಿಂತುಬಿಟ್ಟಿತು. ನನಗೇನೂ ಅನ್ನಿಸಲಿಲ್ಲ. ಕರೆದರು, ಓಗೊಟ್ಟೆ. ಅದಕ್ಕೇನು.

ಗುಡಿಯ ಮೆಟ್ಟಿಲು ಹತ್ತುವಾಗ ಅವರು ನನ್ನ ಪಕ್ಕದಲ್ಲೇ ಇದ್ದರು. ಹಿಂದೊಮ್ಮೆ ಇಲ್ಲಿ ನಿನಗೆ ಕಾಲು ಉಳುಕಿತ್ತಲ್ಲ, ನಾನೇ ಹೊತ್ತು ಇಳಿಸಿದ್ದೆ, ಎಂದರು. ಹೌದೆಂದೆ. ಎಡಗಾಲು. ಅವರು ಎಡಗಾಲು ಎಂದು ಹೇಳಿದ್ದರೋ ನನಗೇ ನೆನಪಾಯಿತೋ ಈಗ ತಿಳಿಯುತ್ತಿಲ್ಲ.

೨ ಮಾರ್ಚ್, ರವಿವಾರ

ನರಗುಂದಕ್ಕೆ ಹೋಗಿದ್ದೆ. ಇನ್ನಷ್ಟು ತುಂಬಿ ಅಂದೆ. ನಕ್ಕಾಗ ಬಲಗಡೆಯ ಮೂಲೆ ಸ್ವಲ್ಪ ಮೇಲೇಳಬೇಕು, ನನಗೆ ಹಾಗೆ ಏಳುತ್ತದೆ, ಇದು ಏಳುತ್ತಿಲ್ಲ. ಡಾಕ್ಟರ್ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಸಾಕು ಅಂದರು.

"ಇನ್ನ ಹಾಕಿದ್ರ ನಿಮ್ಮ ಮಾರಿಗೆ ಹೊಂದಂಗಿಲ್ರಿ."

"ನನ್ನ ಮಾರಿಗೆ ಹೊಂದದಿದ್ರೂ ನಡೀತೈತಿ."

ಅವರು ಕೈಗವಸು ಕಳಚಿದರು. ನಕ್ಕಾಗ ಮೂಲೆ ಏಳುವುದು ತುಟಿಯಿಂದಲ್ಲವಂತೆ. ಅದು ನಗುವವರ ಸ್ವಭಾವವಂತೆ, ಸೂಜಿಯಲ್ಲಿ ಬರುವುದಿಲ್ಲವಂತೆ. ಬೇಡವೆನ್ನಿಸಿದ ದಿನ ಬನ್ನಿ, ಕರಗಿಸಲೂ ಇಂಜೆಕ್ಷನ್ ಇದೆ, ಎಂದರು. ಸೊಕ್ಕು. ನಾನು ಎದ್ದು ಬಂದೆ.

೯ ಮಾರ್ಚ್, ರವಿವಾರ

ಅತ್ತೆ ಇವತ್ತೂ ಎಣ್ಣೆಗಾಯಿ ಮಾಡಿದರು. ನನಗೆ ಬದನೆಕಾಯಿ ಮೊದಲಿನಿಂದ ಸೇರುವುದಿಲ್ಲ, ಗಂಟಲು ಕೆರೆಯುತ್ತದೆ. ಗೊತ್ತಿದ್ದೂ ಮಾಡುತ್ತಾರೆ. ಉಪ್ಪಿನಕಾಯಿಯಲ್ಲಿ ಉಂಡೆದ್ದೆ.

ಚಿನ್ನು ಹಟಮಾರಿಯಾಗುತ್ತಿದ್ದಾಳೆ. ನಾನು ತಲೆ ಬಾಚಲು ಕೂತರೆ ಮೈ ಬಿಗಿ ಹಿಡಿಯುತ್ತಾಳೆ. ಊಟಕ್ಕೆ ಕರೆದರೆ, ಚಿಗವ್ವ ಬರಲಿ ಅನ್ನುತ್ತಾಳೆ. ಎಷ್ಟು ಸಲ ಹೇಳುವುದು. ಗೋಡೆಯ ಮೇಲಿನ ಫೋಟೋದ ಕೆಳಗೆ ನಿಲ್ಲಿಸಿ, ನೋಡು, ನಾನೇ ನಿನ್ನ ಅವ್ವ, ಎಂದೆ. ಫೋಟೋ ನೋಡಿದಳು, ನನ್ನನ್ನು ನೋಡಿದಳು. ಕಿರುಚಲಿಲ್ಲ, ಅಳಲಿಲ್ಲ. ಹಿಂದೆ ಹಿಂದೆ ಸರಿದು ಬಾಗಿಲು ಸಿಕ್ಕ ಮೇಲೆ ಓಡಿದಳು.

ನಮ್ಮವರು ಆ ಫೋಟೋದ ಹಾರ ತೆಗೆಸಿದ್ದಾರೆ. ಒಳ್ಳೆಯದಾಯಿತು. ಇದ್ದವರ ಫೋಟೋಕ್ಕೆ ಹಾರ ಚೆನ್ನಾಗಿರುವುದಿಲ್ಲ.

೧೭ ಮಾರ್ಚ್, ಸೋಮವಾರ

ನಮ್ಮವರು ಊಟಕ್ಕೆ ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ.

೨೧ ಮಾರ್ಚ್, ಶುಕ್ರವಾರ

ಬುತ್ತಿ ಕಟ್ಟಿಕೊಂಡು ನಾನೇ ಅಂಗಡಿಗೆ ಹೋದೆ. ಮೆಣಸಿನಕಾಯಿ ಚೀಲಗಳ ನಡುವೆ ಒಬ್ಬರೇ ಕೂತಿದ್ದರು. ನಾನು ಒಳಗೆ ಕಾಲಿಟ್ಟಾಗ ಅವರು ಒಮ್ಮೆ ಹಿಗ್ಗಿದ್ದು ಖರೇ. ಮರುಗಳಿಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ನೀ ಬಂದ ಎದುರಿಗೆ ನಿಂತ್ರ ಆಕಿ ಸತ್ತಿದ್ದ ಮರತ ಹೋಗ್ತೈತಿ. ಹೊರಗ ಕಾಲಿಟ್ಟಕೂಡ್ಲೆ ಮತ್ತ ನೆನಪಾಗ್ತೈತಿ. ಆವಾಗ ಒಂದ ಸಲ ಸತ್ತಿದ್ಲು, ಅನ್ನಪೂರ್ಣಾ. ಈಗ ದಿನಾ ಸಾಯ್ತಾಳ."

ಅನ್ನಪೂರ್ಣಾ ಎಂದಾಗ ಯಾರಿಗೆ ಹೇಳುತ್ತಿದ್ದಾರೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಹಮಾಲರು ಬಂದರು. ಬುತ್ತಿ ಇಟ್ಟು ಬಂದೆ.

ಬರುವ ದಾರಿಯಲ್ಲಿ ಬಿಸಿಲು. ಬಾಯಿ ಒಣಗಿತ್ತು. ತುಟಿ ಮಾತ್ರ ತಣ್ಣಗೆ ಇತ್ತು, ನೆರಳಿನಲ್ಲಿ ಇಟ್ಟ ವಸ್ತುವಿನ ಹಾಗೆ.

೩೦ ಮಾರ್ಚ್, ರವಿವಾರ

ಯುಗಾದಿ. ಅವ್ವ ನರೇಗಲ್ಲಿನಿಂದ ಬೆಳಗಿನ ಬಸ್ಸಿಗೆ ಬಂದಳು. ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ, ಬೆನ್ನು ಬಾಗಿಲಿಗೆ. ಗಿಣಿ ಹಸಿರು ಸೀರೆ. ಅವ್ವ ಹಿಂದಿನಿಂದಲೇ "ಶೈಲಾನ ಸೀರಿ ಯಾಕ ಉಟ್ಟಿ" ಎಂದಳು. ತಿರುಗಿದೆ.

ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಎಷ್ಟು ಅತ್ತಿದ್ದಳು ಆಗ, ಕಣ್ಣೇ ಮಂಜಾಗಿತ್ತು. ಹತ್ತಿರ ಬಂದು ಹೆಬ್ಬೆರಳಿನಿಂದ ನನ್ನ ತುಟಿ ಒರೆಸಿದಳು. ಹತ್ತಿದ ಕುಂಕುಮ ಒರೆಸುವ ಹಾಗೆ ಒಂದು ಸಲ, ಎರಡು ಸಲ, ಆಮೇಲೆ ಜೋರಾಗಿ. ಅದು ಹೋಗುವಂಥದ್ದಲ್ಲ ಎಂದು ತಿಳಿದ ಮೇಲೆ ಕೈ ಇಳಿಸಿದಳು.

"ಶೈಲಾ ಹೋದಾಗ ಅಳಾಕ ಊರ ಮಂದೆಲ್ಲ ಇತ್ತು. ಈಗ ಅನ್ನಪೂರ್ಣಾನೂ ಹೋದ್ಲಲ್ಲ, ನಾ ಯಾರ ಮುಂದ ಅಳ್ಲಿ?"

ಬೇವು ಬೆಲ್ಲ ಕೂಡ ಮುಟ್ಟಲಿಲ್ಲ. ನಿಲ್ಲು ಎಂದು ಅತ್ತೆ ಕೈ ಹಿಡಿದರೂ ಕೇಳದೆ ಮುಂದಿನ ಬಸ್ಸಿಗೇ ವಾಪಸು ಹೋದಳು. ಹೋಗುವಾಗ ಅಂಗಳದಲ್ಲಿ ಚಿನ್ನುವನ್ನು ಎತ್ತಿಕೊಂಡಳು. ಚಿನ್ನು ಅವಳ ಕಿವಿಯಲ್ಲಿ ಏನೋ ಕೇಳಿದ್ದು ಕಂಡಿತು. ಅವ್ವ ತಲೆ ಅಲ್ಲಾಡಿಸಿದಳು, ತನಗೂ ಗೊತ್ತಿಲ್ಲ ಅನ್ನುವ ಹಾಗೆ.

ಅವ್ವನಿಗೆ ವಯಸ್ಸಾಯಿತು. ನಾನು ಹೋಗಿಲ್ಲ, ಇಲ್ಲೇ ಇದ್ದೇನೆ. ಹೋಳಿಗೆ ಕರಕಾದವು.

೩ ಏಪ್ರಿಲ್, ಗುರುವಾರ

ಊಟದ ಹೊತ್ತಿಗೆ ಚಿನ್ನು ಕಾಣಲಿಲ್ಲ. ಹಿತ್ತಲು, ಓಣಿ, ಪಕ್ಕದ ಮನೆ ಎಲ್ಲ ಹುಡುಕಿಯಾಯಿತು. ಅತ್ತೆ ಅಂಗಡಿಗೆ ಹೇಳಿಕಳಿಸಿದರು. ಕೊನೆಗೆ ಕಾಳಿನ ಕೋಣೆಯಲ್ಲಿ ಸಿಕ್ಕಳು. ಜೋಳದ ಚೀಲಗಳ ಹಿಂದೆ ಒಂದು ಸೀರೆ ಹಾಸಿಕೊಂಡು, ಅದರ ಸೆರಗನ್ನೇ ಹೊದ್ದು ಮಲಗಿದ್ದಳು. ನೀಲಿ ಚೌಕಡಿಯ ಹಳೆಯ ನೂಲಿನ ಸೀರೆ. ನರೇಗಲ್ಲಿನಿಂದ ಬರುವಾಗ ಉಟ್ಟು ಬಂದದ್ದು, ಆಮೇಲೆ ಎಷ್ಟು ಸಲ ಅದರಲ್ಲೇ ಅವಳನ್ನು ಸುತ್ತಿ ಮಲಗಿಸಿದ್ದೆ. ಒಗೆಯುವ ಬಟ್ಟೆಗೆ ಹಾಕಿ ಮರೆತದ್ದನ್ನು ಯಾವಾಗ ಎಳೆದು ತಂದಿದ್ದಳೋ.

ಎತ್ತಿಕೊಳ್ಳಲು ಬಗ್ಗಿದೆ. ಎಚ್ಚರವಾಯಿತು. ಸೀರೆಯನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಸರಿದಳು.

"ಇದು ಚಿಗವ್ವಂದು. ನೀ ಮುಟ್ಟಬ್ಯಾಡ."

ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ. ಜೋಳದ ಧೂಳು ಬಿಸಿಲಿನ ಕೋಲಿನಲ್ಲಿ ಏಳುತ್ತಿತ್ತು. ಅವರು ಅಂಗಡಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಮಗುವನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಚಿನ್ನು ಅಪ್ಪನನ್ನು, ಚಿಗವ್ವನನ್ನು ಎಲ್ಲಿ ಕಳಿಸಿದಿರಿ ಎಂದು ಕೇಳಿದಳು. ಅವರು ಬಗ್ಗಿ ಅವಳನ್ನು ಸೀರೆ ಸಮೇತ ಎತ್ತಿಕೊಂಡರು.

ನಾನು ಹೇಳಿದೆ, ರವಿವಾರ ನರಗುಂದಕ್ಕೆ ಹೋಗಬೇಕು ಎಂದು. ಯಾಕೆ ಎಂದು ಅವರು ಕೇಳಲಿಲ್ಲ.

೬ ಏಪ್ರಿಲ್, ರವಿವಾರ

ಅವರೂ ಬಂದರು. ಬೈಕಿನಲ್ಲಿ ಹೋದೆವು. ರೋಣದಲ್ಲಿ ಚಹಾಕ್ಕೆ ನಿಂತಾಗ ಅವರು ಗ್ಲಾಸು ಹಿಡಿದುಕೊಂಡು, ತಾನು ಮೊದಲ ದಿನವೇ ಬೇಡ ಎನ್ನಬೇಕಿತ್ತು, ಬಾಯಿ ಬರಲಿಲ್ಲ, ಅವಳು ಬಂದಳಲ್ಲ ಎಂಬ ಆಸೆ ಆಯಿತು, ಎಂದರು. ನಾನು, ನನಗೂ, ಎಂದೆ. ಹೇಳಿದ ಮೇಲೆ ಅದು ಖರೇ ಅನ್ನಿಸಿತು. ಅಕ್ಕ ಸತ್ತಾಗ ನಾನು ಚಿನ್ನುವನ್ನು ಹಿಡಿದುಕೊಳ್ಳುವುದರಲ್ಲೇ ಇದ್ದೆ, ಅತ್ತದ್ದು ನೆನಪಿಲ್ಲ. ಚಹಾದಂಗಡಿಯ ಮುಂದೆ, ಬಸ್ಸಿಗೆ ಕಾಯುವ ಜನರ ನಡುವೆ ಅಳು ಬಂತು. ಅವರು ಬೈಕನ್ನು ಅಡ್ಡ ನಿಲ್ಲಿಸಿ ಮರೆ ಮಾಡಿಕೊಂಡು ನಿಂತರು.

ಡಾಕ್ಟರಿಗೆ ಈ ಸಲ ಪೂರ್ತಿ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. "ಅಕ್ಕಾರ?" ಎಂದು ಕೇಳಿದರು. ಹೌದೆಂದೆ. ಯಾವಾಗ ತೀರಿಕೊಂಡರು ಎಂದು ಕೇಳಿದರು, ಹೇಳಿದೆ. ಮೊದಲ ದಿನವೇ ನಾನು ಇನ್ನೂ ಕೇಳಬೇಕಿತ್ತು ಎಂದು ಮೆಲ್ಲಗೆ ಅಂದರು. ನಾನು ಸುಳ್ಳು ಹೇಳುತ್ತಿದ್ದೆ, ಎಂದೆ.

ಒಗ್ಗುತ್ತದೋ ಇಲ್ಲವೋ ಎಂದು ಮೊದಲು ತೋಳಿಗೆ ಒಂದು ಹನಿ ಚುಚ್ಚಿ ಕಾಯಿಸಿದರು. ಆಮೇಲೆ ತುಟಿಗೆ. ಹಾಕುವಾಗ ಆಗದಿದ್ದ ಉರಿ ತೆಗೆಯುವಾಗ ಆಯಿತು. ಮುಗಿದ ಮೇಲೆ ಬೆರಳಿನಿಂದ ಒತ್ತಿ ತೀಡಿದರು. ಆ ಬೆರಳಿನ ಕೆಳಗೆ ಏನೋ ಸಡಿಲವಾಗಿ ನೀರಾಗುತ್ತಿರುವುದು ತಿಳಿಯುತ್ತಿತ್ತು. ತಾಳಲಾರದೆ ಅವರ ಮುಂಗೈ ಹಿಡಿದು ಸ್ವಲ್ಪ ನಿಲ್ಲಿ ಎಂದೆ. ನಿಂತರು. ಅಕ್ಕನಿಗೆ ಏನು ಹೇಳಬೇಕಿತ್ತು ಆ ಹೊತ್ತಿನಲ್ಲಿ? ಆಯಿತು, ಮಾಡಿ, ಎಂದೆ.

೮ ಏಪ್ರಿಲ್, ಮಂಗಳವಾರ

ಬೆಳಿಗ್ಗೆ ಬಾಯಿ ತೊಳೆಯುವಾಗ ಕೈಗೆ ಸಿಕ್ಕಿದ್ದು ನನ್ನ ಬಾಯಿ. ಒಳಗೆ ಇನ್ನೂ ಖಾಲಿ ಖಾಲಿ. ಕನ್ನಡಿಯಲ್ಲಿ ಈ ಮುಖ ನೋಡಲು ಸ್ವಲ್ಪ ಹೆದರಿಕೆಯಾಯಿತು, ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಡುವಾಗ ಆಗುತ್ತದಲ್ಲ, ಹಾಗೆ.

ಚಿನ್ನು ಎದ್ದು ಕಣ್ಣುಜ್ಜುತ್ತ ಹೊರಗೆ ಬಂದಳು. ನಾನು ಅಂಗಳದಲ್ಲಿ ರಂಗೋಲಿಗೆ ಕೂತಿದ್ದೆ. ದೂರದಲ್ಲೇ ನಿಂತು ನೋಡಿದಳು. ಒಂದು ಸುತ್ತು ಹಾಕಿ ಆ ಕಡೆಯಿಂದಲೂ ನೋಡಿದಳು. ಆಮೇಲೆ ಬಂದು, ಏನೂ ಆಗಿಲ್ಲದ ಹಾಗೆ, ಕುತ್ತಿಗೆಗೆ ಜೋತುಬಿದ್ದಳು.

"ಚಿಗವ್ವ, ಇಷ್ಟ ದಿನ ಎಲ್ಲಿ ಹೋಗಿದ್ದಿ?"

"ನಿಮ್ಮವ್ವನ ಕಡೆ ಹೋಗಿದ್ದೆ."

ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಅವರು ಅಂಗಡಿಗೆ ಹೊರಟವರು ಕಟ್ಟೆಯ ಮೇಲೆ ಕೂತುಬಿಟ್ಟರು.

"ಅವ್ವ ಹ್ಯಾಂಗದಾಳ?"

ಹೇಗಿದ್ದಳು ಅಕ್ಕ? ಫೋಟೋದಲ್ಲಿ ಇದ್ದ ಹಾಗೆ ಅವಳು ಒಂದು ದಿನವೂ ಸುಮ್ಮನೆ ಕೂತವಳಲ್ಲ. ಕೋಳಿ ಕಂಡರೆ ಕಟ್ಟೆ ಹತ್ತುತ್ತಿದ್ದಳು ಎಂದೆ. ಬೆರಳು ಮಡಚಿ ಸಿಳ್ಳೆ ಹಾಕುತ್ತಿದ್ದಳು, ಅದಕ್ಕೆ ನಮ್ಮವ್ವನಿಂದ ಏಟು ತಿನ್ನುತ್ತಿದ್ದಳು. ಶೇಂಗಾ ಉಂಡೆಯಲ್ಲಿ ದೊಡ್ಡದನ್ನು ನನಗೇ ಕೊಡುತ್ತಿದ್ದಳು, ಆದರೆ ಮೊದಲು ನೆಕ್ಕಿ ಕೊಡುತ್ತಿದ್ದಳು. ಚಿನ್ನು ಬಾಯಿ ತೆರೆದು ಕೇಳಿದಳು. ಅವರು ಕಟ್ಟೆಯಿಂದಲೇ, ಸೈಕಲ್ ಕಲಿಸಲು ಹೋದರೆ ತನ್ನನ್ನು ಚರಂಡಿಗೆ ಕೆಡವಿದ್ದಳು ಎಂದು ಹೇಳಿದರು. ಚರಂಡಿಯಲ್ಲ, ತಿಪ್ಪೆಗೆ, ಬಟ್ಟೆ ಒಗೆದವಳು ನಾನು, ಎಂದು ಒಳಗಿನಿಂದ ಅತ್ತೆ ತಿದ್ದಿದರು. ನಾವೆಲ್ಲ ನಗುತ್ತಿದ್ದೆವು. ನಗುತ್ತಲೇ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮತ್ತ ಯಾವಾಗ ಬರ್ತಾಳಂತ?" ಎಂದಳು ಚಿನ್ನು.

ಎಲ್ಲರೂ ನನ್ನ ಕಡೆ ನೋಡಿದರು.

"ಇನ್ನ ಬರಂಗಿಲ್ಲವ್ವ ಆಕಿ."

ಚಿನ್ನು ನೆಲದ ಮೇಲಿನ ರಂಗೋಲಿ ಹಿಟ್ಟನ್ನು ಬೆರಳಿನಿಂದ ಕೆದಕಿದಳು.

"ಹಂಗಾರ ನೀ ಇನ್ನ ಹೋಗಬ್ಯಾಡ," ಎಂದಳು.

ಇಲ್ಲ ಎಂದೆ.